ಚೋನಾ ಹಾಕಿದ ನೀರು

ಶಾಲೆಯ ಅಡುಗೆಮನೆಯಲ್ಲಿ ಯೆಸೇನಿಯಾ ಒಲೆ ಹಚ್ಚುವುದಕ್ಕೆ ಮೊದಲು ರೇಡಿಯೊ ಹಚ್ಚುತ್ತಿದ್ದಳು. ಆರೂವರೆಯಿಂದ ಏಳರವರೆಗೆ ವಕೀಲರೊಬ್ಬರು ಕೇಳಿದವರ ಪ್ರಶ್ನೆಗೆ ಉತ್ತರ ಹೇಳುವ ಹೊತ್ತು ಅದು. ಗಂಡನ ವೀಸಾದ ಗಡುವು ಮುಗಿದಿದೆ, ಏನು ಮಾಡಲಿ? ಮಗನನ್ನು ಸೇತುವೆಯಿಂದ ಹಿಂದಕ್ಕೆ ಅಟ್ಟಿದರು, ಯಾವ ಅರ್ಜಿ ಹಾಕಲಿ? ನದಿಯ ಈ ದಡದಲ್ಲಿ, ಟೆಕ್ಸಾಸಿನ ತುದಿಯ ನಮ್ಮ ಊರುಗಳಲ್ಲಿ, ಇಂಥ ಒಂದು ಪ್ರಶ್ನೆ ಇಲ್ಲದ ಮನೆ ಇಲ್ಲ. ಯೆಸೇನಿಯಾ ಒಂದು ಕೈಯಲ್ಲಿ ಬೇಯುವ ಕಾಳು ತಿರುವುತ್ತ, ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಒಂದಕ್ಷರ ಬಿಡದೆ ಕೇಳುತ್ತಿದ್ದಳು.

“ನಿನ್ನ ಮಗು ಹುಟ್ಟಿದ ಮೇಲೆ ಅಳೋದಿಲ್ಲ ಕಣೇ,” ಎಂದು ಜೊತೆಯಲ್ಲಿ ತಟ್ಟೆ ತೊಳೆಯುವ ಮಿನೆರ್ವಾ ಛೇಡಿಸುತ್ತಿದ್ದಳು. “‘ಸಾಲಿನಲ್ಲಿರಿ, ನಿಮ್ಮ ಸರದಿ ಬಂದಾಗ ಕರೀತೀವಿ’ ಅನ್ನುತ್ತೆ, ನೋಡ್ತಿರು.”

“ಅನ್ನಲಿ ಬಿಡೇ. ಸಾಲು ಎಲ್ಲಿದೆ ಅಂತಾದ್ರೂ ಗೊತ್ತಿರುತ್ತಲ್ಲ.”

ಆಗ ಅವಳಿಗೆ ಇಪ್ಪತ್ತನಾಲ್ಕು ವರ್ಷ, ಚೊಚ್ಚಲು. ಗಂಡ ಎಲಿಸೇಯೋ ಗಾರೆ ಕೆಲಸದವನು. ಹದಿನಾಲ್ಕನೇ ವಯಸ್ಸಿಗೆ ಕಾಗದವಿಲ್ಲದೆ ನದಿ ದಾಟಿ ಬಂದಿದ್ದ. ಅವಳು ಇಲ್ಲೇ ಹುಟ್ಟಿದ ಮಗಳು. ಹಾಗಾಗಿ ಮದುವೆಯಾದ ಮೇಲೆ ಗಂಡನಿಗಾಗಿ ಅವಳೇ ಅರ್ಜಿ ಹಾಕಿದಳು. ಮೂರು ವರ್ಷ ಕಳೆದು, ಆಚೆ ದೇಶಕ್ಕೆ ಹೋಗಿ ಅಲ್ಲಿರುವ ಈ ದೇಶದ ರಾಯಭಾರ ಕಚೇರಿಯಲ್ಲಿ ಸಂದರ್ಶನ ಕೊಟ್ಟು ಬಾ ಎಂದು ಅವನಿಗೆ ಕರೆ ಬಂತು. ಎರಡೇ ವಾರದ ಕೆಲಸವೆಂದು ಮೂರು ಅಂಗಿ ಇಟ್ಟುಕೊಂಡು ಹೋದ. ಹೋದವನು ನದಿಯ ಆಚೆ ದಡದ ಮಾತಾಮೋರೋಸಿನಲ್ಲಿ ಚಿಕ್ಕಮ್ಮನ ಮನೆಯಲ್ಲೇ ಉಳಿದ. ಅವನ ಅರ್ಜಿಯನ್ನು ತಡೆದಿದ್ದರು. ತಡೆದದ್ದು ಅವನ ಯಾವ ತಪ್ಪಿನಿಂದಲೂ ಅಲ್ಲವೆಂಬುದು ಯೆಸೇನಿಯಾಳಿಗೆ ಏಳು ತಿಂಗಳು ತುಂಬಿದ ವಾರ ಅಂಚೆಯಲ್ಲಿ ಬಂದ ಕಾಗದದಿಂದ ತಿಳಿಯಿತು.

‘ನೀವು ಈ ದೇಶದಲ್ಲಿ ಹುಟ್ಟಿದಿರಿ ಎಂಬುದಕ್ಕೆ ಅನುಮಾನವಿದೆ. ನಿಮ್ಮ ಜನನಪತ್ರಕ್ಕೆ ಸಹಿ ಮಾಡಿದವಳು ಮನೆ ಹೆರಿಗೆಯ ಸೂಲಗಿತ್ತಿ. ನಿಮ್ಮದೇ ಹೆಸರಿನ ಇನ್ನೊಂದು ಜನನಪತ್ರ ಆಚೆ ದೇಶದ ದಾಖಲೆಯಲ್ಲಿದೆ. ಅರವತ್ತು ದಿನಗಳೊಳಗೆ ಪುರಾವೆ ಒದಗಿಸಬೇಕು.’ ಒದಗಿಸದಿದ್ದರೆ ಎಲಿಸೇಯೋನ ಅರ್ಜಿ ಮುಚ್ಚಿಹೋಗುತ್ತದೆ. ಅವಳು ಯಾವ ದೇಶದವಳೆಂಬುದೂ ಕೈಬಿಟ್ಟುಹೋಗುತ್ತದೆ. ಯೆಸೇನಿಯಾ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿದಳು. ವೈದ್ಯರು ಹೆರಿಗೆಗೆ ಹೇಳಿದ್ದ ದಿನ ಅರವತ್ತೆಂಟನೆಯದು.

ತಾಯಿ ಒರಾಲಿಯಾ ಬೇರೆಯವರ ಮನೆಯ ಬಟ್ಟೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಇಸ್ತ್ರಿ ಮಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಹದಿನೈದು ವರ್ಷ ಅವಳ ಅನ್ನ ಅದೇ.

“ಅಮ್ಮಾ, ನಾನು ಎಲ್ಲಿ ಹುಟ್ಟಿದ್ದು?”

“ಇದೆಂಥ ಪ್ರಶ್ನೆಯೇ? ಈ ಗೋಡೆ ಆ ಕಡೆ ಕೋಣೇಲಿ. ದೋನ್ಯಾ ಹಸಿಂತಾ ಬಂದು ಹೆರಿಗೆ ಮಾಡಿಸಿದ್ದು.”

“ಆಚೆಯವರ ಪುಸ್ತಕದಲ್ಲಿ ನಾನು ಅಲ್ಲಿ ಹುಟ್ಟಿದೀನಿ ಅಂತ ಬರೆದಿದೆಯಂತೆ.”

ಒರಾಲಿಯಾ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಅಂಗಿಯ ಕಾಲರನ್ನು ಎರಡು ಸಲ ಸವರಿದಳು.

“ಅದು ನಿಮ್ಮಜ್ಜಿ ಮಾಡ್ಸಿದ್ದು. ನಿನಗೆ ಎರಡು ತಿಂಗಳು, ತೋರ್ಸೋಕೆ ಅಂತ ಸೇತುವೆ ದಾಟಿ ಕರ್ಕೊಂಡು ಹೋಗಿದ್ವಿ. ‘ನಾಳೆ ನಿಮ್ಮನ್ನ ಅಲ್ಲಿಂದ ಓಡಿಸಿದ್ರೆ ಕೂಸಿಗೆ ಇಲ್ಲಿ ಶಾಲೆ ಬೇಡ್ವಾ, ಆಸ್ಪತ್ರೆ ಬೇಡ್ವಾ’ ಅಂದ್ಲು ಮುದುಕಿ. ಎಳ್ಕೊಂಡು ಹೋದ್ಲು ಕಚೇರಿಗೆ. ಗುಮಾಸ್ತ ‘ಎಲ್ಲಿ ಹುಟ್ಟಿದ್ದು’ ಅಂದ. ಅವಳು ‘ಇಲ್ಲೇ’ ಅಂದ್ಲು.”

“ನೀನು?”

“ನಾನು ಸೊಸೆ ಕಣೇ. ಸುಮ್ನಿದ್ದೆ.”

ಆ ಕಾಲದಲ್ಲಿ ನದಿಯ ಎರಡೂ ದಡದಲ್ಲಿ ನೆಂಟರಿದ್ದವರೆಲ್ಲ ಹಾಗೆಯೇ ಮಾಡುತ್ತಿದ್ದರು. ಬಾಗಿಲಿನ ಇನ್ನೊಂದು ಬೀಗದ ಕೈಯನ್ನು ಹೂಕುಂಡದ ಕೆಳಗೆ ಇಟ್ಟಂತೆ, ಮಗುವಿನ ಹೆಸರನ್ನು ಆಚೆಗೂ ಒಂದು ಕಡೆ ಬರೆಸಿಡುತ್ತಿದ್ದರು. ಅದು ಸುಳ್ಳೆಂದು ಯಾರಿಗೂ ಅನಿಸುತ್ತಿರಲಿಲ್ಲ, ಜಾಗ್ರತೆ ಎನಿಸುತ್ತಿತ್ತು. ಒಂದು ದಿನ ಯಾರೋ ಎರಡು ಪುಸ್ತಕವನ್ನೂ ಒಂದೇ ಮೇಜಿನ ಮೇಲೆ ತೆರೆದಿಡುತ್ತಾರೆಂದು ಯಾರು ಕಂಡಿದ್ದರು?

ಪುರಾವೆ ಹುಡುಕುವ ಕೆಲಸ ಶುರುವಾಯಿತು. ಸೂಲಗಿತ್ತಿ ಹಸಿಂತಾ ಸತ್ತು ಹನ್ನೊಂದು ವರ್ಷವಾಗಿತ್ತು. ಅವಳ ಮಗಳು ಹೆದರಿ ತಾಯಿಯ ಪುಸ್ತಕಗಳನ್ನೆಲ್ಲ ಸುಟ್ಟಿದ್ದಳು. ಲಸಿಕೆಯ ಚೀಟಿ ಮೂರನೇ ತಿಂಗಳಿನಿಂದ ಶುರುವಾಗುತ್ತಿತ್ತು. ಚರ್ಚಿನ ಹಿಂದಿನ ಕೋಣೆಯಲ್ಲಿ ಬಡವರಿಗೆ ಅರ್ಜಿ ಬರೆದುಕೊಡುವ ವಕೀಲೆ ತ್ರೆವಿನ್ಯೋ ಮೇಡಂ ಎಲ್ಲ ನೋಡಿ ತಲೆಯಾಡಿಸಿದಳು. “ಆಚೆಯವರು ಬರ್ಕೊಂಡಿದ್ದು ಎರಡನೇ ತಿಂಗಳಲ್ಲಿ. ಅದಕ್ಕಿಂತ ಮುಂಚೆ ಈ ಕಡೆ ಯಾರಾದ್ರೂ ನಿನ್ನ ಹೆಸರು ಬರೆದಿರ್ಬೇಕು. ಹುಟ್ಟಿದ ವಾರದ್ದು. ಅಂಥದ್ದೊಂದು ಹುಡುಕು.”

“ನನ್ನ ನಾಮಕರಣ ಆಗಿದ್ದು ವರ್ಷ ತುಂಬಿದ ಮೇಲೆ, ಮೇಡಂ.”

“ಆದ್ರೂ ಹೋಗಿ ಕೇಳು. ಚರ್ಚಿನವರು ಗೋಡೆ ಆ ಕಡೆಗೇ ಇದಾರಲ್ಲ.”

ಚರ್ಚಿನ ದಾಖಲೆ ನೋಡಿಕೊಳ್ಳುವ ಮುದುಕ ದೋನ್ ನಾಬೋರ್ ಕನ್ನಡಕ ಒರೆಸಿ, ದೊಡ್ಡ ಪುಸ್ತಕ ತೆಗೆದು, ಅವಳ ಹೆಸರಿನ ಸಾಲಿಗೆ ಬಂದ. ಪಕ್ಕದಲ್ಲಿ ಸಣ್ಣದೊಂದು ಗುರುತಿತ್ತು. ಅದನ್ನು ನೋಡಿ ಮುದುಕ ಎದ್ದುಹೋಗಿ ಅಲಮಾರಿಯ ಕೆಳಗಿನಿಂದ ತೆಳ್ಳಗಿನ ಇನ್ನೊಂದು ಪುಸ್ತಕ ತಂದ.

“ನಿನಗೆ ಎರಡು ಸಲ ನೀರು ಹಾಕಿದಾರಲ್ಲೇ, ಮಗಳೇ! ನಿಮ್ಮಮ್ಮ ಹೇಳಿಲ್ವಾ?”

ಮಗು ಉಳಿಯುವ ಹಾಗಿಲ್ಲವೆಂದಾಗ ಪಾದ್ರಿಗೆ ಕಾಯುವುದಿಲ್ಲ. ಹತ್ತಿರವಿದ್ದವರು ಯಾರಾದರೂ ಸರಿ, ಹಣೆಗೆ ನೀರು ಹಾಕಿ, ದೇವರ ಹೆಸರು ಹೇಳಿ, ಮಗುವಿಗೆ ಹೆಸರಿಟ್ಟುಬಿಡುತ್ತಾರೆ. ಆಮೇಲೆ ಪಾದ್ರಿಗೆ ತಿಳಿಸುತ್ತಾರೆ. ತೆಳ್ಳಗಿನ ಪುಸ್ತಕದಲ್ಲಿ, ಅವಳು ಹುಟ್ಟಿದ ನಾಲ್ಕನೇ ದಿನದ ತಾರೀಖಿನ ಕೆಳಗೆ, ಹೀಗೆ ಬರೆದಿತ್ತು: ‘ಪ್ರಾಣಾಪಾಯವಿದ್ದುದರಿಂದ, ಒರಾಲಿಯಾ ಅವರ ಮಗಳು ಯೆಸೇನಿಯಾಳಿಗೆ, ಹುಟ್ಟಿದ ಗಳಿಗೆಯಲ್ಲೇ, ಈ ಊರಿನ ಬಾವಿಬೀದಿಯ ಮನೆಯಲ್ಲಿ ನೀರು ಹಾಕಿದವರು ಅಸುಂಸಿಯೋನ್.’

“ಯಾರಿದು ಅಸುಂಸಿಯೋನ್?”

“ಬದುಕಿದಾಳಲ್ಲ! ನಿಮ್ಮ ಬೀದಿಯಿಂದ ಎರಡು ಬೀದಿ ಆಚೆ. ಎಲ್ಲರೂ ಮರ್ಯಾದೆಗೆ ದೋನ್ಯಾ ಚೋನಾ ಅಂತಾರಲ್ಲ, ಅವಳೇ,” ಎಂದ ನಾಬೋರ್.

ಯೆಸೇನಿಯಾ ಚೋನಾಳನ್ನು ಹುಟ್ಟಿದಾಗಿನಿಂದ ಕಂಡಿದ್ದಳು, ಮಾತಾಡಿರಲಿಲ್ಲ. ಅಂಗಡಿಯಲ್ಲಿ ಚೋನಾ ಎದುರಾದರೆ ತಾಯಿ ಮಗಳ ಕೈ ಹಿಡಿದು ಸೋಪಿನ ಸಾಲಿಗೆ ತಿರುಗುತ್ತಿದ್ದಳು. ಯಾಕೆಂದು ಕೇಳಿದರೆ “ಹಂಡೆ ವಿಷಯ” ಎಂದಷ್ಟೇ ಹೇಳುತ್ತಿದ್ದಳು.

ಹಂಡೆಯ ವಿಷಯ ಇಷ್ಟು. ಮಗುವಿಗೆ ವರ್ಷ ತುಂಬಿ ಪಾದ್ರಿಯ ಕೈಯಲ್ಲಿ ನಾಮಕರಣವಾದ ದಿನ ಒರಾಲಿಯಾ ಇನ್ನೂರು ಜೋಳದ ಕಡುಬು ಬೇಯಿಸಿದಳು. ಹಂಡೆ ಚೋನಾಳದು, ಅವಳ ತಾಯಿಯ ಕಾಲದ್ದು. ಕಡುಬಿನ ಹಂಡೆಯ ತಳದ ನೀರಿಗೆ ನಾವು ಒಂದು ನಾಣ್ಯ ಹಾಕುತ್ತೇವೆ. ನೀರು ಕುದಿಯುವಷ್ಟು ಹೊತ್ತು ನಾಣ್ಯ ಟಣಟಣ ಎನ್ನುತ್ತಿರುತ್ತದೆ. ಸದ್ದು ನಿಂತಿತೋ, ನೀರು ಇಂಗಿತೆಂದು ಅರ್ಥ. ಆ ದಿನ ಸದ್ದು ನಿಂತಿತು, ನೀರು ಹಾಕುವವರಿರಲಿಲ್ಲ, ಹಂಡೆ ತಳ ಸುಟ್ಟು ಬಿರಿಯಿತು. ಮೊದಲೇ ಬಿರಿದಿತ್ತು ಎಂದಳು ಒರಾಲಿಯಾ. ಅಲ್ಲಿಂದ ಇಪ್ಪತ್ಮೂರು ವರ್ಷ ಮಾತಿಲ್ಲ. ಮಗುವಿಗೆ ನೀರು ಹಾಕಿದವಳು ತಾಯಿಗೆ ಕೊಮಾದ್ರೆ ಆಗುತ್ತಾಳೆ, ಒಡಹುಟ್ಟಿದವಳಿಗಿಂತ ಹೆಚ್ಚು. ಕೊಮಾದ್ರೆಯ ಜೊತೆ ಜಗಳವಾಡಿದವರನ್ನು ಕಂಡರೆ ಹಳಬರು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು.

“ನಾನು ಸಾಯೋ ಹಾಗೆ ಹುಟ್ಟಿದ್ದೆ ಅಂತ ಯಾಕೆ ಹೇಳ್ಲಿಲ್ಲ?” ಎಂದು ಯೆಸೇನಿಯಾ ಮನೆಗೆ ಬಂದು ಕೇಳಿದಳು.

“ಬಸುರಿ ಮುಂದೆ ಅಂಥದ್ದನ್ನ ಹೇಳ್ತಾರೇನೇ? ಬಾಯ್ ತೊಳ್ಕೋ.”

“ಅಮ್ಮಾ, ನಲವತ್ತೊಂದು ದಿನ ಉಳಿದಿದೆ.”

ಒರಾಲಿಯಾ ಎರಡು ದಿನ ಇಸ್ತ್ರಿಯ ಮೇಜು ಬಿಟ್ಟೇಳಲಿಲ್ಲ. ಮೂರನೇ ದಿನ ಇಸ್ತ್ರಿ ಮಾಡಿದ ತನ್ನದೇ ಕುಪ್ಪಸ ತೊಟ್ಟು, “ನಡಿ,” ಎಂದಳು.

ಚೋನಾ ಅಂಗಳದಲ್ಲಿ ಕೋಳಿಗೆ ಕಾಳು ಚೆಲ್ಲುತ್ತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು, ಒಣಕಲು, ಕಣ್ಣು ಚುರುಕು. ಬೇಲಿಯ ಪಕ್ಕದಲ್ಲಿ ಆ ಹಂಡೆಯೇ ಇತ್ತು. ಬಿರಿದ ತಳದ ಮೇಲೆ ಮಣ್ಣು ತುಂಬಿ ಮೆಣಸಿನ ಗಿಡ ಹಾಕಿದ್ದಳು.

“ಬಂದ್ಯಾ?” ಎಂದಳು ಚೋನಾ, ಕಾಳು ಚೆಲ್ಲುವುದನ್ನು ನಿಲ್ಲಿಸದೆ. “ಸೋಪು ಮುಗೀತಾ ಅಂಗಡೀಲಿ?”

“ಕೊಮಾದ್ರೆ,” ಎಂದಳು ಒರಾಲಿಯಾ.

“ಒಂದು ಕೇಳ್ತೀನಿ, ಆಮೇಲೆ ಬೇಕಾದ್ದು ಕೇಳು. ನಾಣ್ಯದ ಸದ್ದು ನಿಂತಿದ್ದು ನಿನಗೆ ಕೇಳಿಸ್ತೋ ಇಲ್ವೋ?”

ಕೋಳಿಗಳು ಕಾಲಡಿಯಲ್ಲಿ ಕುಕ್ಕುತ್ತಿದ್ದವು. ಒರಾಲಿಯಾ ಮಗಳ ಕಡೆ ನೋಡಿದಳು.

“ಕೇಳಿಸ್ತು. ನಮ್ಮತ್ತೆ ಎಲ್ಲರ ಮುಂದೆ ನನ್ನ ಕಡುಬು ಉಪ್ಪು ಅಂದಿದ್ರು. ಸಿಟ್ಟಲ್ಲಿ ಎದ್ದು ಹೋದೆ. ಹೋಗೋವಾಗ ಕೇಳಿಸ್ತು.”

“ಹಾಂ,” ಎಂದಳು ಚೋನಾ. “ಇದನ್ನ ಅವತ್ತೇ ಅಂದಿದ್ರೆ ಇಪ್ಪತ್ಮೂರು ವರ್ಷ ಇಬ್ಬರೂ ಕೂತು ನಿಮ್ಮತ್ತೆಯನ್ನ ಬೈಬೋದಿತ್ತಲ್ಲೇ, ದಡ್ಡಿ! ಉಪ್ಪೇ ಆಗಿತ್ತು ಬಿಡು, ಆ ಮಾತು ಬೇರೆ. ಒಳಗೆ ಬನ್ನಿ. ಬಸುರಿ ಹೆಂಗ್ಸನ್ನ ಬಿಸಿಲಲ್ಲಿ ನಿಲ್ಸಿದಾಳೆ.”

ಒಳಗೆ ದಾಲ್ಚಿನ್ನಿ ಹಾಕಿದ ಕಾಫಿ ಕೊಟ್ಟು ಚೋನಾ ಆ ದಿನದ ಕತೆ ಹೇಳಿದಳು. ಮಗು ನೀಲಿಯಾಗಿ ಬಂದಿತ್ತು. ಹಸಿಂತಾ ಅದರ ಬೆನ್ನು ಬಡಿಯುತ್ತ, “ನೀರು ಹಾಕೇ ಚೋನಾ, ಬೇಗ ಹಾಕು!” ಎಂದು ಕೂಗಿದಳು. ಕೈಗೆ ಸಿಕ್ಕಿದ್ದು ಕಾಫಿ ಲೋಟ. ಅದನ್ನೇ ತೊಳೆದು ನೀರು ತುಂಬಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎಂದು ಮೂರು ಸಲ ಹಾಕಿದಳು. “ಹೆಸರು ಏನು ಅಂತ ಯಾರೂ ಹೇಳಿರ್ಲಿಲ್ಲ. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಮೂರನೇ ಸಲಕ್ಕೆ ನೀನು ಸೀನಿದೆ. ತಣ್ಣೀರು ನೋಡು, ಸಿಟ್ಟು ಬಂದಿರ್ಬೇಕು.”

“ಹಾಗಾದ್ರೆ ನನ್ನ ಹೆಸರು ಇಟ್ಟಿದ್ದು ನೀವಾ?”

“ಮತ್ತೆ! ನಿಮ್ಮಮ್ಮ ಬೇರೆ ಏನೋ ಯೋಚ್ನೆ ಮಾಡ್ಕೊಂಡಿದ್ಲು. ದೇವರ ಪುಸ್ತಕದಲ್ಲಿ ಬರೆದ ಮೇಲೆ ಬದಲಾಯಿಸೋ ಹಾಗಿಲ್ಲ.”

ಯೆಸೇನಿಯಾ ನಕ್ಕಳು. ಕಾಗದ ಬಂದಂದಿನಿಂದ ಅವಳು ನಕ್ಕದ್ದು ಅದೇ ಮೊದಲು.

ತ್ರೆವಿನ್ಯೋ ಮೇಡಂ ಚರ್ಚಿನ ದಾಖಲೆ ನೋಡಿ ಖುಷಿಪಟ್ಟಳು. “ಆದ್ರೆ ಚರ್ಚಿನವರು ಯಾರೋ ಹೇಳಿದ್ದನ್ನ ಬರ್ಕೊಂಡ್ರು ಅಂತಾರೆ. ಹೆತ್ತವಳ ಮಾತನ್ನ ಅವರು ಲೆಕ್ಕಕ್ಕೆ ಇಡಲ್ಲ. ಕಣ್ಣಾರೆ ಕಂಡ ಹೊರಗಿನವರು ಒಬ್ರು ಪ್ರಮಾಣ ಮಾಡಿ ಬರ್ಕೊಟ್ರೆ ಕೈ ಗಟ್ಟಿ,” ಎಂದಳು.

“ನಾನಿದೀನಲ್ಲ,” ಎಂದಳು ಚೋನಾ.

ಮೇಡಂ ಕಾಗದ ಮುಂದಿಟ್ಟಳು. ಹೆಸರು, ಹುಟ್ಟಿದ ಊರು, ಈಗಿನ ವಿಳಾಸ, ಗುರುತಿನ ಚೀಟಿ. ಗುರುತಿನ ಚೀಟಿ ಎನ್ನುವಲ್ಲಿ ಚೋನಾ ಆಚೆ ದೇಶದ ರಾಯಭಾರ ಕಚೇರಿ ಕೊಟ್ಟ ಹಳೆಯ ಕಾರ್ಡು ತೆಗೆದಳು. ಅದೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ನದಿ ದಾಟಿದವಳು ಕಾಗದವಿಲ್ಲದೆಯೇ ಬದುಕಿದ್ದಳು. ಉತ್ತರದ ರಸ್ತೆಯಲ್ಲಿ ಎಲ್ಲರ ಕಾಗದ ಕೇಳುವ ತಪಾಸಣೆ ಕಟ್ಟೆಯನ್ನು ಒಂದು ಸಲವೂ ದಾಟಿರಲಿಲ್ಲ. ಹ್ಯೂಸ್ಟನ್ನಿನಲ್ಲಿ ಮಗಳಿದ್ದಳು, ಮೊಮ್ಮಕ್ಕಳಿದ್ದರು. ಅವರು ಬಂದರೆ ನೋಡುತ್ತಿದ್ದಳು, ಇಲ್ಲದಿದ್ದರೆ ಇಲ್ಲ.

ಯೆಸೇನಿಯಾ ಕಾಗದದ ಮೇಲೆ ಕೈ ಇಟ್ಟಳು. “ಬೇಡ, ದೋನ್ಯಾ. ಮೇಡಂ, ಇದು ಹೋದ ಮೇಲೆ ಯಾರ ಮೇಜಿಗೆ ಹೋಗುತ್ತೆ?”

“ಗೊತ್ತಿಲ್ಲ,” ಎಂದಳು ತ್ರೆವಿನ್ಯೋ ಮೇಡಂ. “ಏನೂ ಆಗಲ್ಲ ಅಂತ ನಾನು ಹೇಳಿದ್ರೆ ಸುಳ್ಳಾಗುತ್ತೆ.”

“ತೆಗಿಯೇ ಕೈ,” ಎಂದಳು ಚೋನಾ. “ನೀರು ಹಾಕೋವಾಗ ನಿನ್ನನ್ನ ಕೇಳಿ ಹಾಕಿದ್ನಾ?”

ಎರಡನೇ ತರಗತಿಯವರೆಗೆ ಓದಿದವಳು. ಹೆಸರು ಬರೆಯುವುದಕ್ಕೆ ಎರಡು ನಿಮಿಷ ಹಿಡಿಯಿತು. ಕೊನೆಯ ಅಕ್ಷರ ಕಾಗದದ ಗೆರೆ ಬಿಟ್ಟು ಕೆಳಗಿಳಿದಿತ್ತು.

ಎಲ್ಲ ಕಾಗದಗಳನ್ನೂ ಒಂದು ಲಕೋಟೆಗೆ ಹಾಕಿ ಮೇಡಂ ಯೆಸೇನಿಯಾಳ ಕೈಗೇ ಕೊಟ್ಟಳು. “ಚೋನಾ ಅವರ ಕಾಗದ ಕಳಿಸೋದು ಬಿಡೋದು ನಿಮ್ಮಿಬ್ಬರದು. ಅರವತ್ತು ದಿನ ಮಾತ್ರ ಮೀರಬಾರದು.”

ಲಕೋಟೆ ಹನ್ನೆರಡು ದಿನ ಮನೆಯಲ್ಲೇ ಇತ್ತು. ಎಲಿಸೇಯೋ ದಿನಾ ಸಂಜೆ ಫೋನು ಮಾಡುತ್ತಿದ್ದ, ಚೋನಾಳ ಸಾಕ್ಷಿಯ ವಿಷಯ ಅವಳು ಅವನಿಗೆ ಹೇಳಿರಲಿಲ್ಲ. “ಕಳಿಸಿದ್ಯಾ ಯೆಸಿ?” “ನಾಳೆ.” “ಕಾಲು ಊದಿದೆಯಾ?” “ಇಲ್ಲ.” ಕಾಲು ಊದಿತ್ತು. ಗ್ರಹಣ ಬಸುರಿಗೆ ತಾಗದಿರಲೆಂದು ತಾಯಿ ಒಳಬಟ್ಟೆಗೆ ಸಿಕ್ಕಿಸಿಕೊಟ್ಟ ಪಿನ್ನು ಕೂಡ ಹೊಟ್ಟೆಗೆ ಬಿಗಿಯುತ್ತಿತ್ತು. ಗ್ರಹಣ ಕಳೆದುಹೋದರೂ ಒರಾಲಿಯಾ ಅದನ್ನು ತೆಗೆಯಗೊಡಲಿಲ್ಲ.

ರೇಡಿಯೊ ದಿನವೂ ಮಾತಾಡುತ್ತಿತ್ತು. ಒಂದು ಬೆಳಿಗ್ಗೆ ಹೆಂಗಸೊಬ್ಬಳು ಕರೆ ಮಾಡಿ, ತಮ್ಮನ ಅರ್ಜಿಗೆ ಕಾಗದವಿಲ್ಲದ ತನ್ನ ಮಾವ ಸಾಕ್ಷಿ ಬರೆದುಕೊಟ್ಟಿದ್ದ, ಆರು ವಾರದ ಮೇಲೆ ವಲಸೆ ಇಲಾಖೆಯವರು ಅದೇ ವಿಳಾಸಕ್ಕೆ ಬಂದು ಮಾವನನ್ನು ಹಿಡಿದೊಯ್ದರು ಎಂದಳು. ಕಾಗದದಿಂದಲೇ ಬಂದರೋ ಬೇರೆ ಯಾರೋ ಹೇಳಿದರೋ ಗೊತ್ತಿಲ್ಲ ಎಂದಳು. ಅದನ್ನು ಯಾರೂ ಹೇಳಲಾರರು ಎಂದರು ವಕೀಲರು. ಕಾಳು ತಳ ಹಿಡಿದ ವಾಸನೆ ಬಂತು.

“ಯೆಸಿ! ಒಲೆ!” ಎಂದು ಮಿನೆರ್ವಾ ಓಡಿಬಂದು ಪಾತ್ರೆ ಇಳಿಸಿದಳು. ಆ ದಿನ ಅವಳು ಛೇಡಿಸಲಿಲ್ಲ.

ಐವತ್ತೇಳನೇ ದಿನ ಯೆಸೇನಿಯಾ ಅಂಚೆ ಕಚೇರಿಗೆ ಹೋದಳು. ಸಾಲಿನಲ್ಲಿ ಅವಳ ಮುಂದೆ ನಾಲ್ಕು ಜನರಿದ್ದರು. ಎಲಿಸೇಯೋನ ಮೂರು ಅಂಗಿಗಳಲ್ಲಿ ಒಂದರ ತೋಳು ಹರಿದಿದೆಯೆಂದು ಹಿಂದಿನ ಸಂಜೆ ಹೇಳಿದ್ದ, ಅದು ನೆನಪಾಯಿತು. ಗೆರೆ ಬಿಟ್ಟು ಕೆಳಗಿಳಿದ ಅಕ್ಷರವೂ ನೆನಪಾಯಿತು. ಮುಂದೆ ಇಬ್ಬರು ಉಳಿದಾಗ ಪಕ್ಕದ ಮೇಜಿಗೆ ಸರಿದು, ಲಕೋಟೆ ಬಿಚ್ಚಿ, ಚೋನಾಳ ಕಾಗದವನ್ನು ತೆಗೆದು ನಾಲ್ಕಾಗಿ ಮಡಚಿ ಚೀಲದಲ್ಲಿಟ್ಟುಕೊಂಡಳು. ಚರ್ಚಿನ ದಾಖಲೆ ಲಕೋಟೆಯಲ್ಲೇ ಇತ್ತು. ಅದು ಸಾಕಾಗಬಹುದು ಎಂದುಕೊಂಡಳು. ಲಕೋಟೆಯನ್ನು ಮತ್ತೆ ಅಂಟಿಸಿ, ಸಾಲಿನ ಕೊನೆಗೆ ಹೋಗಿ ನಿಂತಳು.

ಅರವತ್ತಾರನೇ ದಿನ ಬೆಳಿಗ್ಗೆ ನೋವು ಕಾಣಿಸಿಕೊಂಡಿತು. ಮನೆ ಹೆರಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಆಸ್ಪತ್ರೆ ಪಕ್ಕದ ಊರಿನಲ್ಲೇ ಇತ್ತು, ತಪಾಸಣೆ ಕಟ್ಟೆಯ ಈಚೆಗೇ, ಹಾಗಾಗಿ ಚೋನಾ ಕೂಡ ಬಂದಳು. ಒರಾಲಿಯಾ ಒಂದು ಕಡೆ, ಚೋನಾ ಒಂದು ಕಡೆ, ನಡುವೆ ದಿಂಬಿನ ಮೇಲೆ ಫೋನು. ಫೋನಿನಲ್ಲಿ ಎಲಿಸೇಯೋ ಉಸಿರಾಡುವುದು ಮಾತ್ರ ಕೇಳುತ್ತಿತ್ತು. ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಹೆಣ್ಣು ಮಗು ಹುಟ್ಟಿತು. ಕೆಂಪಗಿತ್ತು, ಜೋರಾಗಿ ಅತ್ತಿತು.

“ಅತ್ತಳಾ? ಅವಳೇನಾ ಅತ್ತಿದ್ದು?” ಎಂದು ಕೇಳಿದ ಎಲಿಸೇಯೋ.

“ಅವಳೇ ಕಣಪ್ಪ. ನಾವು ಮುದುಕಿಯರು ಅತ್ರೆ ಇಷ್ಟು ಚೆನ್ನಾಗಿ ಇರುತ್ತಾ?” ಎಂದಳು ಚೋನಾ.

ಜನನಪತ್ರ ಬರೆಯುವವಳು ಬಂದಾಗ ಒರಾಲಿಯಾ ಬಾಗಿಲ ಬಳಿ ನಿಂತು ಪ್ರತಿ ಅಕ್ಷರ ನೋಡಿಕೊಂಡಳು. ಎಲಿಸೇಯೋನ ಚಿಕ್ಕಮ್ಮ ಆಚೆಯಿಂದ ಹೇಳಿಕಳಿಸಿದ್ದಳು: ‘ಕೂಸಿನ ಹೆಸರು ಇಲ್ಲೂ ಒಂದು ಕಡೆ ಬರೆಸಿಬಿಡೋಣ, ಗುಮಾಸ್ತ ನಮ್ಮವನೇ.’ ಒರಾಲಿಯಾ ಉತ್ತರ ಹೇಳಿಕಳಿಸಿದಳು: ‘ಸಾಯ್ತೀನಿ, ಬರೆಸಲ್ಲ.’

ಮಗುವಿಗೆ ಐದು ವಾರವಾದಾಗ ಇನ್ನೊಂದು ಕಾಗದ ಬಂತು. ಚರ್ಚಿನ ದಾಖಲೆ ತಲುಪಿದೆ, ಅದೊಂದೇ ಸಾಲದು. ಹೆರಿಗೆಯನ್ನು ಕಣ್ಣಾರೆ ಕಂಡ, ಮನೆಯವರಲ್ಲದವರ ಹೇಳಿಕೆ ಬೇಕು. ತೊಂಬತ್ತು ದಿನ ಕೊಡಲಾಗಿದೆ, ಗಡುವನ್ನು ಮತ್ತೆ ವಿಸ್ತರಿಸಲಾಗದು.

ಎಲಿಸೇಯೋ ಫೋನು ಮಾಡುವ ಹೊತ್ತಿಗೆ ಚೋನಾ ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತು, ಬೋಗುಣಿಯ ಬೆಚ್ಚನೆ ನೀರಿನಲ್ಲಿ ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಯೆಸೇನಿಯಾ ಕೆಲಸಕ್ಕೆ ಹೋಗತೊಡಗಿದ ಮೇಲೆ ಮಗುವನ್ನು ಹಗಲೆಲ್ಲ ನೋಡಿಕೊಳ್ಳುವವಳು ಅವಳೇ. ಫೋನಿನ ಸದ್ದು ಜೋರಾಗಿತ್ತು, ಎಲ್ಲ ಕೇಳುತ್ತಿತ್ತು.

“ಕಣ್ಣಾರೆ ಕಂಡವರು ಯಾರೂ ಇಲ್ವಾ ಯೆಸಿ? ಒಬ್ಬರೂ? ಯೋಚ್ನೆ ಮಾಡು. ನಾನವಳನ್ನ ಇನ್ನೂ ಮುಟ್ಟಿಲ್ಲ.”

ಯೆಸೇನಿಯಾ ಚೋನಾಳ ಬಗ್ಗಿದ ಬೆನ್ನನ್ನು ನೋಡಿದಳು.

“ಇಲ್ಲ,” ಎಂದಳು. “ಎಲ್ಲರೂ ಸತ್ತಿದಾರೆ.”

“ಸರಿ. ಅವಳಿಗೆ ಮುತ್ತು ಕೊಡು,” ಎಂದು ಅವನು ಫೋನು ಇಟ್ಟ.

ಚೋನಾ ಬೊಗಸೆಯಲ್ಲಿ ನೀರು ತೆಗೆದು ಮಗುವಿನ ತಲೆಯ ಮೇಲೆ ನಿಧಾನವಾಗಿ ಬಿಟ್ಟಳು. ಮಗು ಕಣ್ಣು ಪಿಳುಕಿಸಿತು.

“ಸತ್ತವಳು ಕೇಳ್ತಿದಾಳೆ,” ಎಂದಳು ತಿರುಗದೆ. “ಟವೆಲ್ ಕೊಡು ಇಲ್ಲಿ. ಕೂಸಿಗೆ ಚಳಿ. ನನ್ನ ಕಾಗದಾನೂ ಕೊಡು. ನಾನೇ ಹೋಗಿ ಅಂಚೆಗೆ ಹಾಕಿ ಬರ್ತೀನಿ.”

ಮಡಚಿದ ಕಾಗದ ಮಗುವಿನ ಬಟ್ಟೆಗಳ ಕೆಳಗೆ, ಟವೆಲ್ ಇದ್ದ ಡ್ರಾಯರಿನಲ್ಲೇ ಇತ್ತು. ಯೆಸೇನಿಯಾ ಡ್ರಾಯರು ತೆರೆದು, ಬಟ್ಟೆಯ ಅಡಿಗೆ ಕೈ ಹಾಕಿ, ಕಾಗದವನ್ನು ಇನ್ನಷ್ಟು ಒಳಕ್ಕೆ ತಳ್ಳಿದಳು.

ಟವೆಲ್ಲನ್ನು ಮಾತ್ರ ತಂದುಕೊಟ್ಟಳು.